ಎಣ್ಣೆಗೆ ದಾರಿ ಬಿಟ್ಟ ತೊಗಲು

ಬಡವನಹಳ್ಳಿ ಸಂತೆಯಲ್ಲಿ ಬೆಳ್ಳುಳ್ಳಿ ರಾಶಿ ಹಾಕುವ ಸಾಲಿಗೆ ನಾನು ಹೋಗುವುದಿಲ್ಲ. ಹೋದ ವಾರ ಎತ್ತು ನೋಡಲು ಹೋದವನು ಜನರ ನೂಕಾಟದಲ್ಲಿ ಅಲ್ಲಿಗೇ ಹೋಗಿ ಬಿದ್ದೆ. ಬಿಸಿಲಿಗೆ ಬೆಳ್ಳುಳ್ಳಿ ಕಾದು ಘಾಟು ಎದ್ದಿತ್ತು. ಮೂಗಿಗೆ ಟವೆಲ್ಲು ಒತ್ತಿಕೊಂಡು ಅಲ್ಲೇ ಕುಕ್ಕರಿಸಿದೆ. ಪಕ್ಕದಲ್ಲಿದ್ದ ಒಬ್ಬ, "ಯಾಕ್ಲಾ, ಬಿಸ್ಲು ಬಡೀತಾ?" ಅಂದ. ಬಿಸಿಲಲ್ಲ. ನಾವು ಕಡಲೆಕಾಯಿ ಹೊಲಕ್ಕೆ ಮೊದಲ ಸಲ ಔಷಧಿ ಹೊಡೆದ ಮುಂಗಾರು ನೆನಪಾಯಿತು. ಆ ಔಷಧಿಯ ವಾಸನೆ ಇದೇ.

ನಮ್ಮೂರು ಗೌಡಗೆರೆ ಕಡೆ. ಆ ವರ್ಷ ಮಳೆ ಚೆನ್ನಾಗಿಯೇ ಬಿತ್ತು. ಕಡಲೆಕಾಯಿ ಒಂದೇ ಸಮ ಹುಟ್ಟಿತು. ಹೊಲ ನೋಡಿದರೆ ಹಸಿರು ಕಂಬಳಿ ಹಾಸಿದಂತಿತ್ತು. ಆಮೇಲೆ ಅದರ ಮೇಲೆ ಬೇರೆ ಕಂಬಳಿ ಬಂತು. ಕಂಬಳಿಹುಳ. ಮೊದಲ ಮಳೆಗೆ ನೆಲದಿಂದ ಚಿಟ್ಟೆ ಎದ್ದಾಗಲೇ ಗೊತ್ತಾಗಬೇಕಿತ್ತು. ದೀಪದ ಸುತ್ತ ಬಿಳಿ ಚಿಟ್ಟೆ ಮುತ್ತಿದ್ದನ್ನು ನೋಡಿ ಮಳೆ ಚೆನ್ನಾಗಿ ಹಿಡಿಯುತ್ತದೆ ಎಂದು ಸಂತೋಷಪಟ್ಟೆವು. ಚಿಟ್ಟೆಯ ಮೊಟ್ಟೆ ಒಡೆದು ಹುಳು ಮರಿಯಾಗಿ, ಮೈತುಂಬ ಕೂದಲು ಬಂದು, ಒಂದು ಹೊಲ ಮುಗಿಸಿ ಇನ್ನೊಂದು ಹೊಲಕ್ಕೆ ಹಿಂಡು ಕಟ್ಟಿಕೊಂಡು ಹೊರಟವು. ಬದುವಿನ ಮೇಲೆ ನಿಂತರೆ ಎಲೆ ಕಡಿಯುವ ಸದ್ದು ಕೇಳುತ್ತಿತ್ತು.

ಊರಿನವರೆಲ್ಲ ಆರಿಸಲು ಬಿದ್ದರು. ಹಳೇ ಮಡಕೆಯಲ್ಲಿ ಬೂದಿ ಹಾಕಿಕೊಂಡು, ಗಿಡದಿಂದ ಹುಳು ಕಿತ್ತು ಅದರೊಳಗೆ ಹಾಕುವುದು, ತುಂಬಿದರೆ ಗುಂಡಿಗೆ ಸುರಿದು ಮಣ್ಣು ಎಳೆಯುವುದು. ಹುಳುವಿನ ಕೂದಲು ಕೈಗೆ ಚುಚ್ಚಿದರೆ ತುರಿಕೆ. ಕಣ್ಣಿಗೆ ಹೋದರೆ ಕಣ್ಣೇ ತೆರೆಯಲಾಗದು. ಅದಕ್ಕೆ ನಮ್ಮ ಕಡೆ ಇರುವ ಮದ್ದು ಒಂದೇ, ಹರಳೆಣ್ಣೆ. ಹೊಲಕ್ಕೆ ಇಳಿಯುವ ಮುಂಚೆ ಮೊಣಕೈ ತನಕ ದಪ್ಪಗೆ ಬಳಿದುಕೊಂಡರೆ ಕೂದಲು ಎಣ್ಣೆಗೆ ಅಂಟಿ ನಿಲ್ಲುತ್ತದೆ, ತೊಗಲಿಗೆ ಇಳಿಯುವುದಿಲ್ಲ. ಹಲಸಿನ ಹಣ್ಣು ಕುಯ್ಯುವಾಗ, ಹಸಿ ಮೆಣಸಿನಕಾಯಿ ಬಿಡಿಸುವಾಗ ಮಾಡುವುದೂ ಅದೇ.

ಇನ್ನೊಂದು ನಂಬಿಕೆಯೂ ಇತ್ತು. ನಮ್ಮ ಬಾವಿಗೆ ಕಪಿಲೆ. ಎತ್ತು ಹಗ್ಗ ಎಳೆದರೆ ತೊಗಲಿನ ಬಾನೆ ನೀರು ಹೊತ್ತು ಮೇಲೆ ಬರುತ್ತದೆ. ತೊಗಲು ಒಣಗಿದರೆ ಬಾನೆ ಸೋರುತ್ತದೆ. ಎಣ್ಣೆ ಕುಡಿಸಿದರೆ ಹನಿ ಬಿಡುವುದಿಲ್ಲ. ಸತ್ತ ಎಮ್ಮೆಯ ತೊಗಲನ್ನೇ ಹಾಗೆ ಕಟ್ಟಿ ನಿಲ್ಲಿಸುವ ಎಣ್ಣೆ ಬದುಕಿರುವ ಮನುಷ್ಯನ ತೊಗಲನ್ನು ಕಾಯುವುದಿಲ್ಲವೇ? ಇದನ್ನು ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ. ಎಲ್ಲರ ತಲೆಯಲ್ಲೂ ಇತ್ತು.

ಆರಿಸಿ ಮುಗಿಯುವ ಹುಳುವಾಗಿರಲಿಲ್ಲ ಅದು. ನಮ್ಮಣ್ಣ ಈರಣ್ಣ ಶಿರಾಕ್ಕೆ ಹೋಗಿ ಒಂದು ಡಬ್ಬ ಔಷಧಿ ತಂದ. ಹಳದಿ ಬಣ್ಣ, ಎಣ್ಣೆಯ ಹಾಗೆ ಮಂದ. ನೀರಿಗೆ ಬಿಟ್ಟರೆ ಹಾಲಿನ ಹಾಗೆ ಬೆಳ್ಳಗಾಗುತ್ತಿತ್ತು. ಅಂಗಡಿಯವನು ಮೈಗೆ ತಾಗಿಸಬೇಡಿ ಎಂದು ಎರಡೆರಡು ಸಲ ಹೇಳಿದ್ದನಂತೆ. ಅಣ್ಣ ಅದನ್ನು ಮರೆಯದೆ ಅವ್ವನಿಗೆ ಹೇಳಿದ. ಮೈಗೆ ತಾಗಬಾರದು ಎಂದರೆ ಅವ್ವನಿಗೆ ಗೊತ್ತಿದ್ದದ್ದು ಒಂದೇ ದಾರಿ. ದಿನಾ ಮೊಣಕೈ ತನಕ ಬಳಿಯುತ್ತಿದ್ದವಳು ಆವತ್ತು ಅಣ್ಣನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಕೈ, ತೋಳು, ಎದೆ, ಕುತ್ತಿಗೆ ಎಲ್ಲಕ್ಕೂ ಬಳಿದಳು.

ಔಷಧಿ ಹೊಡೆಯುವ ಪಂಪು ತಂದಿದ್ದವನು ಶಿರಾದ ಖಾದರ್. ನನ್ನ ವಯಸ್ಸಿನವನೇ. ಅವರಪ್ಪನದು ಪಾತ್ರೆಗೆ ಕಲಾಯಿ ಹಾಕುವ ಕೆಲಸ. ಇವನು ಪಂಪು ರಿಪೇರಿ ಕಲಿತು ಹಳ್ಳಿ ಹಳ್ಳಿ ತಿರುಗುತ್ತಿದ್ದ. ಅಣ್ಣ ಎಣ್ಣೆಯಲ್ಲಿ ಮಿಂಚುತ್ತಿದ್ದುದನ್ನು ನೋಡಿ ಅವನಿಗೆ ನಗು ಬಂತು.

"ಅರೆ ಈರಣ್ಣಾ, ಹುಳಾ ಹೊಡಿಯಾಕಾ, ಕುಸ್ತಿ ಹೊಡಿಯಾಕಾ?"

"ನಿನ್ನೇ ಮೊದ್ಲು ಎತ್ತಿ ಒಗೀತೀನಿ ತಡಿ," ಅಂದ ಅಣ್ಣ.

ಅವ್ವ ಎಣ್ಣೆ ಬಟ್ಟಲು ಹಿಡಿದು ಖಾದರನ ಕಡೆ ತಿರುಗಿದಳು. "ನೀನೂ ಬಾರಪ್ಪ. ನಿಮ್ಮವ್ವ ಆಮೇಲೆ ನನ್ನ ಬೈಯ್ತಾಳೆ."

"ಬ್ಯಾಡ ಅವ್ವಾ, ಕೈ ಜಿಡ್ಡಾದ್ರೆ ಪಂಪಿನ ಹಿಡಿ ಜಾರ್ತದೆ."

ನನ್ನನ್ನೂ ಕರೆದಳು. ನಾನು ಆಗಲೇ ಡ್ರಮ್ಮು ಹೊತ್ತು ಅಂಗಳ ದಾಟಿದ್ದೆ. "ಎಣ್ಣೆ ಮೆತ್ಕಂಡು ಕೂರಾಕೆ ನಾನೇನು ಮದ್ವೆ ಗಂಡಾ? ಹೊತ್ತಾಯ್ತದೆ, ಬುಡವ್ವ."

"ಈ ಬಸ್ವಂಗೆ ಯಾವಾಗ್ಲೂ ಕುಂಡಿಗೆ ಬೆಂಕಿ ಬಿದ್ದಂಗೆ ಕಣಮ್ಮ," ಎಂದು ಪಕ್ಕದ ಮನೆಯವಳಿಗೆ ದೂರು ಹೇಳಿದಳು.

ಹೊಲದಲ್ಲಿ ಕೆಲಸ ಹಂಚಿಕೊಂಡೆವು. ಖಾದರ್ ಪಂಪು ಬೆನ್ನಿಗೆ ಕಟ್ಟಿಕೊಂಡು ಹೊಡೆಯುವುದು. ನಾನು ಬಾವಿಯಿಂದ ನೀರು ತರುವುದು. ಅಣ್ಣ ಡ್ರಮ್ಮಿನ ಹತ್ತಿರ ಕೂತು ಔಷಧಿ ಬೆರೆಸುವುದು. ಕಲಕಲು ಕೋಲು ಇತ್ತು. ಕೋಲಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ ಎಂದು ಅಣ್ಣ ಮೊಣಕೈ ತನಕ ಕೈ ಇಳಿಸಿ ಕಲಕಿದ. ಎಣ್ಣೆ ಇತ್ತಲ್ಲ, ಧೈರ್ಯ. ನಾವು ಲಿಂಗ ಕಟ್ಟುವ ಜನ. ಲಿಂಗ ಇಡುವ ಬೆಳ್ಳಿಯ ಕರಡಿಗೆ ನಮಗೆಲ್ಲಿ ಬರಬೇಕು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ದಾರ ಹಾಕಿ ಕೊರಳಿಗೆ ಕಟ್ಟಿಕೊಳ್ಳುತ್ತೇವೆ. ಅಣ್ಣ ಬಗ್ಗಿದಾಗಲೆಲ್ಲ ಆ ಲಿಂಗವಸ್ತ್ರ ಡ್ರಮ್ಮಿನೊಳಗೆ ಜೋತು ಬೀಳುತ್ತಿತ್ತು. ಅವನು ಒದ್ದೆ ಕೈಯಲ್ಲೇ ಅದನ್ನು ಎತ್ತಿ ಎದೆಗೆ ಒತ್ತಿಕೊಂಡು ಮತ್ತೆ ಕಲಕುತ್ತಿದ್ದ.

ಹುಳು ಸತ್ತದ್ದು ನಿಜ. ಗಿಡದಿಂದ ಉದುರಿ, ಸುತ್ತಿಕೊಂಡು, ಒದ್ದಾಡಿ ಸಾಯುತ್ತಿದ್ದವು. ನಮಗೆ ಖುಷಿಯಾಯಿತು. "ನೋಡ್ಲಾ ಬಸ್ವಾ, ಹೆಂಗೆ ಉದುರ್ತಾವೆ!" ಎಂದು ಅಣ್ಣ ಕೂಗಿದ್ದು ನನಗೆ ಈಗಲೂ ಕೇಳುತ್ತದೆ. ಅಂಥ ದನಿ ಅವನಿಗಿದೆ ಎಂದೇ ನನಗೆ ಗೊತ್ತಿರಲಿಲ್ಲ. ಅತ್ತಿಗೆ ಚೊಚ್ಚಲ ಹೆರಿಗೆಗೆ ತವರಿಗೆ, ಹೊಳವನಹಳ್ಳಿಗೆ ಹೋಗಿದ್ದರು. ಕಾಯಿ ಕಿತ್ತ ಮೇಲೆ ಹೋಗಿ ತಾಯಿ ಮಗುವನ್ನು ಕರೆದುಕೊಂಡು ಬರುತ್ತೇನೆ ಎಂದು ಬೆಳಿಗ್ಗೆಯಿಂದ ಅದನ್ನೇ ಹೇಳುತ್ತಿದ್ದ.

ನಡು ಹಗಲಾಯಿತು. ಖಾದರ್ ಪಂಪು ಇಳಿಸಿ ಬಾವಿಯ ಹತ್ತಿರ ಹೋದ. ತಾನು ತಂದಿದ್ದ ಸೋಪಿನಲ್ಲಿ ಕೈಕಾಲು ಮುಖ ಉಜ್ಜಿ ತೊಳೆದು, ಅಂಗಿ ಬದಲಾಯಿಸಿ, ಹೊಂಗೆ ಮರದ ಕೆಳಗೆ ನಮಾಜಿಗೆ ನಿಂತ. ನನಗೆ ತಲೆ ಭಾರವಾಗಿತ್ತು. ಬಿಸಿಲು ಚುರುಗುಟ್ಟುತ್ತಿದ್ದರೂ ಕಣ್ಣಿಗೆ ಸಂಜೆಯಾದಂತೆ ಮಬ್ಬು. ಮೋಡ ಕವಿಯಿತೇ ಎಂದು ಮೇಲೆ ನೋಡಿದೆ. ಮೋಡ ಇರಲಿಲ್ಲ.

ನಮಾಜು ಮುಗಿಸಿ ಎದ್ದ ಖಾದರ್ ಕೂಗಿದ. "ಬಸ್ವಾ! ಈರಣ್ಣನ ನೋಡು!"

ಅಣ್ಣ ಡ್ರಮ್ಮಿಗೆ ಒರಗಿ ಕೂತಿದ್ದ. ಬಾಯಿಂದ ಜೊಲ್ಲು, ಕಣ್ಣಿಂದ ನೀರು, ಮೈಯೆಲ್ಲ ಬೆವರು. ತೋಳಿನ ತೊಗಲಿನೊಳಗೆ ಹುಳು ಹರಿದ ಹಾಗೆ ಮಾಂಸ ಅದುರುತ್ತಿತ್ತು. "ಉಸ್ರು ಸಾಲ್ದು ಕಣ್ಲಾ," ಅಂದ. ಆಮೇಲೆ ಮಾತು ಹೊರಡಲಿಲ್ಲ.

ಖಾದರ್ ಅವನನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಓಡಿದ. ನಾನು ಅವ್ವನನ್ನು ಕರೆತಂದೆ. ಶಿರಾ ಕಡೆಯ ಬಸ್ಸು ಬಂದಾಗ ಖಾದರ್ ರಸ್ತೆ ನಡುವೆ ನಿಂತುಬಿಟ್ಟ. ಕಂಡಕ್ಟರು ಇಳಿದು ಅಣ್ಣನ ಬಾಯಿ ನೋಡಿ, "ಕುಡ್ದವ್ನಾ? ಹತ್ತಿಸ್ಬ್ಯಾಡಿ," ಅಂದ. "ಕುಡ್ದಿಲ್ಲ ಭಾಯ್, ಸಾಯ್ತಾವ್ನೆ," ಅಂದ ಖಾದರ್. ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಅವ್ವ ಸೆರಗಿನಲ್ಲಿ ಅಣ್ಣನ ಬೆವರು ಒರೆಸಿದಳು. ಬರುವಾಗ ಅವಳು ಎಣ್ಣೆ ಬಟ್ಟಲನ್ನೂ ತಂದಿದ್ದಳು. ಉಷ್ಣ ಏರಿದೆ ಎಂದು ನೆತ್ತಿಗೆ ಎಣ್ಣೆ ಒತ್ತಿ, ಅದೇ ಕೈಯಲ್ಲಿ ಎದೆಗೂ ಬೆನ್ನಿಗೂ ತಿಕ್ಕಿದಳು. ನಾನು ಬೇಡ ಅನ್ನಲಿಲ್ಲ. ಅನ್ನಬೇಕೆಂದು ಯಾರಿಗೆ ಗೊತ್ತಿತ್ತು.

ಶಿರಾ ಆಸ್ಪತ್ರೆಯ ಡಾಕ್ಟರು ಸಿಡುಕಿನ ಮನುಷ್ಯ. ಅಣ್ಣನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಪಾಪೆ ಸೂಜಿಮೊನೆಯಷ್ಟಾಗಿತ್ತು. ಕೈ ಮೂಸಿ ನೋಡಿ, "ಏನು ಹೊಡೀತಾ ಇದ್ರಿ ಹೊಲಕ್ಕೆ?" ಅಂದರು. ಹೇಳಿದೆ. ಕೂಡಲೇ ಒಂದು ಇಂಜೆಕ್ಷನ್ ಕೊಟ್ಟರು. ಆಮೇಲೆ ಅಂಗಿ, ಪಂಚೆ ಎಲ್ಲ ತೆಗೆದು ಸೋಪು ಹಾಕಿ ತಲೆಯಿಂದ ಕಾಲಿನ ತನಕ ತೊಳೆಯಿರಿ ಎಂದು ಕಾಂಪೌಂಡರಿಗೆ ಹೇಳಿದರು.

ಅವ್ವ ಮಂಚಕ್ಕೆ ಅಡ್ಡ ನಿಂತಳು. "ಮೈ ತಣ್ಣಗೆ ಬೆವರ್ತಾ ಐತೆ ಬುದ್ದಿ, ಅವುನ್ಗೆ ನೀರು ಉಯ್ತೀರಾ? ಉಳೀತಾನಾ?"

"ನೀರು ಹುಯ್ಯದಿದ್ರೆ ಉಳಿಯೋಲ್ಲಮ್ಮ. ಮೈಗೆ ಏನು ಬಳಿದಿದೀರಿ ಇಷ್ಟೊಂದು?"

"ಹರಳೆಣ್ಣೆ. ಔಸ್ದಿ ತಾಗ್ಬಾರ್ದು ಅಂತ."

ಡಾಕ್ಟರು ಅವ್ವನ ಎಣ್ಣೆ ಕೈ ನೋಡಿ, ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಕಾಂಪೌಂಡರು ತೊಳೆಯುತ್ತಿರುವಾಗ ನನ್ನನ್ನು ಬಾಗಿಲ ಹತ್ತಿರ ಕರೆದು, ಮೂರು ಜನ ಕೆಲಸ ಮಾಡಿದ್ದೀರಲ್ಲ, ನೀವಿಬ್ಬರೂ ನಿಂತಿದ್ದೀರಿ, ಅವನೊಬ್ಬ ಯಾಕೆ ಬಿದ್ದ, ಗೊತ್ತೇ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದರು. ನನಗೆ ತಿಳಿದಷ್ಟು ಬರೆಯುತ್ತೇನೆ.

ತೊಗಲು ಗೋಡೆಯಲ್ಲ, ಜರಡಿ. ಅದರ ಮೇಲ್ಪದರ ಸತ್ತದ್ದು. ಉಗುರು, ಕೊಂಬು ಯಾವುದರಿಂದ ಆಗಿದೆಯೋ ಅದರಿಂದಲೇ ಆದದ್ದು. ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತದೆ. ಸಂದುಗಳಲ್ಲಿ ಗಾರೆಯ ಬದಲು ಕೊಬ್ಬು ಮೆತ್ತಿರುತ್ತದೆ. ನೀರು ಬಂದರೆ ಆ ಕೊಬ್ಬು ಸುಲಭಕ್ಕೆ ದಾರಿ ಬಿಡುವುದಿಲ್ಲ. ಅದಕ್ಕೇ ನಾವು ಕೆರೆಯಲ್ಲಿ ಎಷ್ಟು ಹೊತ್ತು ಈಜಿದರೂ ಉಬ್ಬಿಹೋಗುವುದಿಲ್ಲ. ದಪ್ಪ ಕಣ ಬಂದರೆ ಸಂದಿನಲ್ಲಿ ತೂರುವುದಿಲ್ಲ. ಸಣ್ಣ ಕಣವಾಗಿದ್ದು, ಎಣ್ಣೆಯಲ್ಲಿ ಕರಗುವಂಥದ್ದಾದರೆ ಕೊಬ್ಬಿನಲ್ಲಿ ಸೇರಿಕೊಂಡು ಒಳಗೆ ಇಳಿದು ರಕ್ತಕ್ಕೆ ಹೋಗುತ್ತದೆ. ಈ ಔಷಧಿ ಅಂಥದ್ದು. ಬರೀ ಮೈಗೆ ಬಿದ್ದಿದ್ದರೂ ಇಳಿಯುತ್ತಿತ್ತು. ಎಣ್ಣೆ ಹಚ್ಚಿದ್ದರಿಂದ ನೀರಿನಲ್ಲಿದ್ದ ವಿಷವೆಲ್ಲ ಎಣ್ಣೆಗೆ ಬಂದು ಸೇರಿತು, ಮೈಮೇಲೆ ನಿಂತಿತು, ನಿಧಾನವಾಗಿ ಒಳಗೆ ಹೋಯಿತು.

"ನಮ್ಮ ಚರ್ಮಾನೂ ಜಾತಿ ಕೇಳ್ತದಪ್ಪ," ಅಂದರು. "ಎಣ್ಣೆ ಜಾತಿಗೆ ಬಾಗಿಲು ತೆಗೀತದೆ, ನೀರಿನ ಜಾತಿಗೆ ತೆಗೆಯೋಲ್ಲ."

ನನಗೆ ಸಿಟ್ಟು ಬಂತು. "ಕಪಿಲೆ ಬಾನೆಗೆ ಎಣ್ಣೆ ಹಾಕಿದ್ರೆ ಸೋರಲ್ವಲ್ಲ ಸ್ವಾಮಿ?"

"ನೀರು ಸೋರೋಲ್ಲ. ಅದೇ ಬಾನೆಗೆ ಸೀಮೆಎಣ್ಣೆ ಹುಯ್ದು ನೋಡು."

ಆಮೇಲೆ ಒಂದು ದಿನ ಹರಿದ ಬಾನೆಯ ಒಂದು ತುಂಡಿನಲ್ಲಿ ಹುಯ್ದು ನೋಡಿದೆ. ಮೇಲಿಂದ ಏನೂ ಆಗಲಿಲ್ಲ. ಮರುದಿನ ಕೆಳಗೆ ಕೈಯಿಟ್ಟರೆ ಒದ್ದೆ. ಕಣ್ಣಿಗೆ ತೂತು ಕಾಣದ ತೊಗಲು. ನೋಡಿದ ಮೇಲೆಯೇ ನಾನು ನಂಬಿದ್ದು.

ಅಣ್ಣನಿಗೆ ಇಂಜೆಕ್ಷನ್ ಹಿಡಿಯಿತು. ಜೊಲ್ಲು ನಿಂತಿತು, ಉಸಿರು ಸಲೀಸಾಯಿತು, ಕಣ್ಣು ಬಿಟ್ಟು ಅವ್ವನನ್ನು ನೋಡಿದ. ಅವ್ವ ಸೆರಗು ಬಾಯಿಗಿಟ್ಟು ಅತ್ತಳು. ನಾವು ಗೆದ್ದೆವು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಮತ್ತೆ ಬೆವರು, ಮತ್ತೆ ಜೊಲ್ಲು, ಗಂಟಲಲ್ಲಿ ಗೊರಗೊರ. ಡಾಕ್ಟರು ಮತ್ತೆ ಕೊಟ್ಟರು. ಎದ್ದ. ಮತ್ತೆ ಮುಳುಗಿದ. ಈ ಸಲ ಮೊದಲಿಗಿಂತ ಆಳಕ್ಕೆ. ಕೈಕಾಲಿನಲ್ಲಿ ಬಲವೇ ಇಲ್ಲ, ಎತ್ತಿ ಬಿಟ್ಟರೆ ಬೀಳುತ್ತಿದ್ದವು. ಡಾಕ್ಟರ ಮುಖ ಬಿಳುಚಿತು. ಇಂಜೆಕ್ಷನ್ ಇಟ್ಟಿದ್ದ ಡಬ್ಬ ತೆಗೆದು, ಎಷ್ಟು ಉಳಿದಿದೆ ಎಂದು ನೋಡಿ ಮುಚ್ಚಿದರು.

"ಎಲ್ಲಿಂದಲೋ ಇನ್ನೂ ಒಳಗೆ ಹೋಗ್ತಾ ಇದೆ," ಅಂದರು. "ತಲೆ ತೊಳೆದ್ರಾ? ಉಗುರು? ಕಿವಿ ಹಿಂದೆ?"

"ಎಲ್ಲಾ ತೊಳ್ದೆ ಸಾರ್," ಅಂದ ಕಾಂಪೌಂಡರು. ಎರಡು ಸಲ ತೊಳೆದಿದ್ದ. ನಾನೇ ನೀರು ಎತ್ತಿ ಕೊಟ್ಟಿದ್ದೆ.

ಉಸಿರಿಗೆ ಅನುಕೂಲವಾಗಲಿ ಎಂದು ಅಣ್ಣನನ್ನು ಮಗ್ಗುಲಿಗೆ ತಿರುಗಿಸಬೇಕಿತ್ತು. ನಾನು ಬಗ್ಗಿ ಅವನ ಕಂಕುಳಿಗೆ ಕೈ ಹಾಕಿ ಎತ್ತಿದೆ. ಮುಖ ಅವನ ಎದೆಯ ಹತ್ತಿರ ಹೋಯಿತು. ಮೈಯೆಲ್ಲ ಸೋಪಿನ ವಾಸನೆ. ಅದರ ನಡುವೆ ಬೆಳ್ಳುಳ್ಳಿ. ಹಸಿಹಸಿ ಬೆಳ್ಳುಳ್ಳಿ ಘಾಟು.

ಲಿಂಗವಸ್ತ್ರ.

ಅದನ್ನು ಯಾರೂ ಬಿಚ್ಚಿರಲಿಲ್ಲ. ತೊಳೆಯುವಾಗ ಕಾಂಪೌಂಡರು ಅದನ್ನು ಭಕ್ತಿಯಿಂದ ಒಂದು ಕಡೆಗೆ ಸರಿಸಿ ಸುತ್ತ ತೊಳೆದಿದ್ದ. ಡಾಕ್ಟರು ನೋಡಿಯೂ ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಬಿಚ್ಚಬೇಕೆಂಬ ಯೋಚನೆಯೇ ಬರುವುದಿಲ್ಲ. ತೊಗಲು ಹೇಗೆ ಮೈಮೇಲಿದೆಯೋ ಅದೂ ಹಾಗೆಯೇ. ಆ ಬಟ್ಟೆ ಎಣ್ಣೆಯನ್ನೂ ಔಷಧಿಯನ್ನೂ ಕುಡಿದು ಕಪ್ಪಾಗಿತ್ತು. ಅಷ್ಟು ಹೊತ್ತೂ ಎದೆಯ ಮೇಲೆ ಕೂತಿತ್ತು.

ಹೇಳಿದೆ. ಡಾಕ್ಟರು ಮೂಸಿ ನೋಡಿ ತಲೆಯಾಡಿಸಿದರು. "ತೆಗೀಬೇಕು."

ಅವ್ವ ಎರಡೂ ಕೈ ಅಣ್ಣನ ಎದೆಯ ಮೇಲೆ ಇಟ್ಟಳು. "ತಗ್ಯಾಕೆ ಬುಡಾಕಿಲ್ಲ."

"ಅವ್ವಾ," ಅಂದೆ.

"ಉಟ್ಟಿದ್ ದಿನ ಅಯ್ನೋರು ಬಂದು ಕಟ್ಟವ್ರೆ. ಇವತ್ತಿನ ತಂಕ ಮೈ ಬುಟ್ಟಿಲ್ಲ. ಅದು ಓದ್ರೆ ಇವ್ನೂ ಓದಂಗೇ ಕಣ್ಲಾ. ಉಸ್ರು ನಿಲ್ಲಾ ಒತ್ನಾಗೆ ಲಿಂಗ ಕಿತ್ಕಂತೀಯಾ ಅಣ್ಣನ್ದು?"

ಕಾಂಪೌಂಡರು ಹಿಂದೆ ಸರಿದ. ಅವನ ಹಣೆಯ ಮೇಲೂ ವಿಭೂತಿ. ಡಾಕ್ಟರು ಕತ್ತರಿ ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಅಣ್ಣನ ಗಂಟಲು ಗೊರಗುಟ್ಟುತ್ತಿತ್ತು.

ನನಗೆ ಶಾಸ್ತ್ರ ಗೊತ್ತಿಲ್ಲ. ದಿನಾ ಬೆಳಿಗ್ಗೆ ಅವಸರವಸರವಾಗಿ ಲಿಂಗಕ್ಕೆ ಎರಡು ಹನಿ ನೀರು ಹಾಕಿ ಎದ್ದು ಹೋಗುವವನು ನಾನು. ಆ ಹೊತ್ತಿನಲ್ಲಿ ಆ ಎರಡು ಹನಿ ನೀರೇ ತಲೆಗೆ ಬಂತು.

"ಅವ್ವಾ, ಪೂಜೆ ಮಾಡಾವಾಗ ಲಿಂಗ ಎಲ್ಲಿ ಮಡಿಕಂತೀವಿ?"

"ಏನ್ ಕೇಳ್ತಿದೀಯಾ ನೀನು?"

"ಎಲ್ಲಿ ಮಡಿಕಂತೀವಿ, ಯೋಳು."

"ಎಡಗೈಮ್ಯಾಲೆ."

"ಅವಾಗ ಮೈ ಬುಟ್ಟು ಓಯ್ತದಾ?"

ಅವ್ವ ಅಣ್ಣನ ಎಡಗೈ ಕಡೆ ನೋಡಿದಳು.

"ಲಿಂಗ ಬ್ಯಾಡ ಅಂತಿಲ್ಲ ಕಣವ್ವಾ. ಬಟ್ಟೆ ಬ್ಯಾಡ, ದಾರ ಬ್ಯಾಡ. ಲಿಂಗ ಅವ್ನ ಕೈಲೇ ಇರ್ಲಿ. ಅವ್ನ ಮೈಮ್ಯಾಲೇ ಐತೆ ತಾನೆ?"

ಅವಳು ಅಣ್ಣನ ಮುಖ ನೋಡಿದಳು. ಆಮೇಲೆ ಕೈ ತೆಗೆದಳು. "ನಾನೇ ಬಿಚ್ತೀನಿ," ಅಂದಳು.

ಡಾಕ್ಟರು ಮೊದಲು ಅವಳ ಕೈಗಳನ್ನು ಸೋಪಿನಲ್ಲಿ ತೊಳೆಸಿದರು. ದಾರವನ್ನು ಕತ್ತರಿಸಿ, ಗಂಟನ್ನು ಇಕ್ಕಳದಲ್ಲಿ ಹಿಡಿದು ಬಿಡಿಸಿಕೊಟ್ಟರು. ಅವ್ವ ಅಣ್ಣನ ಎಡಗೈ ಎಳೆದು ಬಿಡಿಸಿ, ಕರೀ ಲಿಂಗವನ್ನು ಅಂಗೈ ಮೇಲೆ ಇಟ್ಟಳು. ಅದೂ ಎಣ್ಣೆಯಲ್ಲಿ ಮಿಂಚುತ್ತಿತ್ತು, ಅದೂ ನಾರುತ್ತಿತ್ತು. ನಾನು ನೋಡಿದೆ, ಡಾಕ್ಟರು ನೋಡಿದರು. ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅವ್ವನೇ ಕೈ ಚಾಚಿದಳು.

"ಸೋಪು ಕೊಡ್ಲಾ."

ಮಗನ ಅಂಗೈ ಮೇಲೆಯೇ ಲಿಂಗಕ್ಕೆ ಸೋಪು ಹಚ್ಚಿದಳು. ನಾನು ಚೊಂಬಿನಿಂದ ನೀರು ಬಿಟ್ಟೆ. ಮತ್ತೆ ಹಚ್ಚಿದಳು, ಮತ್ತೆ ಬಿಟ್ಟೆ. ಅವಳ ತುಟಿಗಳು ಅಲುಗುತ್ತಿದ್ದವು. ಕಾಂಪೌಂಡರು ಕೈ ಮುಗಿದುಕೊಂಡು ನಿಂತಿದ್ದ. ಘಾಟು ಹೋಗುವ ತನಕ ಉಜ್ಜಿದಳು. ಎದೆಯ ಮೇಲೆ ಬಟ್ಟೆ ಕೂತಿದ್ದ ಜಾಗ ಕೆಂಪಗೆ ಸುಟ್ಟ ಹಾಗಾಗಿತ್ತು. ಅದನ್ನೂ ತೊಳೆದೆವು. ಡಾಕ್ಟರು ಇನ್ನೊಂದು ಇಂಜೆಕ್ಷನ್ ಕೊಟ್ಟರು.

ಬಟ್ಟೆಯನ್ನು ಹೂಳಬೇಕಿತ್ತು. ಬಾಗಿಲಿನಾಚೆ ನಿಂತಿದ್ದ ಖಾದರ್ ಒಂದು ಕೋಲಿನ ತುದಿಯಲ್ಲಿ ಅದನ್ನು ಎತ್ತಿಕೊಳ್ಳಲು ಬಂದವನು ತಡೆದು ನಿಂತ. "ಅವ್ವಾ, ನಾನು ತಗಳ್ಳಬಹುದಾ?"

"ಅವ್ನ ಹೊತ್ಕಂಡು ಓಡಿ ಬಂದೆ. ಈಗ ಕೇಳ್ತಾ ನಿಂತೀಯಲ್ಲಪ್ಪ," ಅಂದಳು ಅವ್ವ. ಅವನು ಆಸ್ಪತ್ರೆಯ ಹಿಂದೆ ಗುಂಡಿ ತೋಡಿ ಹೂತು ಬಂದು, ಹೊಸ್ತಿಲ ಹೊರಗೆ ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತ.

ಇನ್ನು ಉಳಿದದ್ದು ಕಾಯುವುದು. ನನಗೆ ಕಾಯಲು ಬರುವುದಿಲ್ಲ. ಕಿಟಕಿಗೆ ಹೋದೆ, ಬಾಗಿಲಿಗೆ ಹೋದೆ. ಡಾಕ್ಟರು ಬಂದು ನಾಡಿ ಹಿಡಿದು ನೋಡಿ ಹೋದರು. ಅಣ್ಣನ ಬೆರಳಿಗೆ ಬಲವಿರಲಿಲ್ಲ. ಮುಷ್ಟಿ ಮುಚ್ಚಿದರೆ ತಾನಾಗಿ ತೆರೆದುಕೊಳ್ಳುತ್ತಿತ್ತು, ಲಿಂಗ ಹಾಸಿಗೆಗೆ ಉರುಳುವ ಹಾಗಾಗುತ್ತಿತ್ತು. ಅವ್ವ ನೆಲದ ಮೇಲೆ ಕೂತು, ತನ್ನ ಎರಡು ಕೈಯಲ್ಲಿ ಅವನ ಮುಷ್ಟಿಯನ್ನು ಮುಚ್ಚಿ ಹಿಡಿದುಕೊಂಡಳು. ಕಾಂಪೌಂಡರು ಟೀ ತಂದುಕೊಟ್ಟ. ಕೈ ಬಿಡಬೇಕಾಗುತ್ತದೆ ಎಂದು ಕುಡಿಯಲಿಲ್ಲ. ಮೂಗಿನ ಮೇಲೆ ನೊಣ ಕೂತರೆ ತಲೆ ಒದರಿದಳು, ಕೈ ಬಿಡಲಿಲ್ಲ.

ಗೊರಗೊರ ಸದ್ದು ನಿಂತಾಗ ನನಗೆ ಭಯವಾಯಿತು. ಹತ್ತಿರ ಹೋಗಿ ನೋಡಿದೆ. ಉಸಿರು ನಿಂತಿರಲಿಲ್ಲ. ಸದ್ದು ಮಾತ್ರ ನಿಂತಿತ್ತು. ಬೆವರು ಆರಿತ್ತು. ಡಾಕ್ಟರು ಬಂದು ಇಷ್ಟು ಹೊತ್ತಿಗೆ ಮತ್ತೆ ಮುಳುಗಬೇಕಿತ್ತು, ನೋಡೋಣ ಅಂದರು. ಮತ್ತೆ ಬಂದಾಗಲೂ ಹಾಗೆಯೇ ಇದ್ದ. ಹೊರಗೆ ದೀಪ ಹಚ್ಚುವ ಹೊತ್ತಾಗುತ್ತಿತ್ತು.

ಅವ್ವ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. "ನೀನು ಎದ್ದು ಮುಖ ತೊಳ್ಕಾ ಓಗವ್ವ. ನಾನು ಹಿಡ್ಕಂತೀನಿ, ಬುಡು," ಎಂದು ಪಕ್ಕದಲ್ಲಿ ಕೂತೆ.

ಅವಳು ನನ್ನ ಕಡೆ ನೋಡಲಿಲ್ಲ. ಮುಷ್ಟಿಯನ್ನೇ ನೋಡುತ್ತಿದ್ದಳು. ಅವಳ ಬೆರಳುಗಳು ಆಗಲೇ ಸಡಿಲವಾಗಿ ಅಣ್ಣನ ಕೈಯ ಮೇಲೆ ಸುಮ್ಮನೆ ಒರಗಿದ್ದವು.

"ನಾನು ಬುಟ್ಟು ಆಗ್ಲೇ ಹೊತ್ತಾಯ್ತು ಕಣ್ಲಾ," ಅಂದಳು. "ಅವ್ನೇ ಹಿಡ್ಕಂಡವ್ನೆ."